ಕೊಟ್ಟ ಕುರ್ಚಿ, ಗೆದ್ದ ಕುರ್ಚಿ



ಹಳಿಯಾಳ ತಾಲೂಕಿನ ಸಾಂಬ್ರಾಣಿ ಕಡೆಯ ಇಬ್ಬರು ಹುಡುಗರು ಹಾಸ್ಟೆಲ್ ಜಗಲಿಯ ಮೇಲೆ ಕೂತು ಆಡಿದ ಜಗಳದಿಂದಲೇ ಈ ಸಲದ ಸಂಪಾದಕೀಯ ಶುರು ಮಾಡುತ್ತೇವೆ. ಒಬ್ಬ ಸಿದ್ದಿ. ಇನ್ನೊಬ್ಬ ನಮ್ಮ ಕೇರಿಯವ. ಸಿದ್ದಿ ಹುಡುಗ ಅಂದ: "ನಮ್ಮ ಶಾಂತಾರಾಮಣ್ಣ ವಿಧಾನಸೌಧಕ್ಕೆ ಹೋದ್ರು. ನೀವು ದಿನಾ ಸಂವಿಧಾನ, ಮೀಸಲಾತಿ ಅಂತೀರಿ. ಈ ಜಿಲ್ಲೆಯಾಗ ನಿಮ್ಮ ಮೀಸಲು ಕ್ಷೇತ್ರ ಎಲ್ಲೈತಿ, ತೋರ್ಸು ನೋಡೋಣ?" ನಮ್ಮ ಹುಡುಗ ಸುಮ್ಮನಿರಲಿಲ್ಲ. "ಹೋದ್ರೋ, ಕರಕೊಂಡು ಹೋದ್ರೋ? ಮೊದ್ಲು ಅದನ್ನ ಹೇಳು" ಅಂದ.

ಊಟದ ಗಂಟೆ ಹೊಡೆಯಿತು. ಜಗಳ ಅಲ್ಲಿಗೆ ನಿಂತಿತು. ಆದರೆ ಇಬ್ಬರ ಪ್ರಶ್ನೆಯೂ ಸರಿಯಾದದ್ದೇ. ಎರಡಕ್ಕೂ ಉತ್ತರ ಹುಡುಕದೆ ಬಿಟ್ಟರೆ ನಮ್ಮ ರಾಜಕೀಯ ಮುಂದೆ ಹೋಗುವುದಿಲ್ಲ. ಹಾಗಾಗಿ ಈ ಮನುಷ್ಯನ ಬದುಕನ್ನು, ಅವರು ಕೂತ ಕುರ್ಚಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಶಾಂತಾರಾಮ ಬುಡ್ನ ಸಿದ್ದಿ ಯಲ್ಲಾಪುರ ತಾಲೂಕಿನ ಹಿತ್ಲಳ್ಳಿಯವರು. ತಮ್ಮ ಸಮುದಾಯದಲ್ಲಿ ಪದವಿ ತನಕ ಓದಿದ ಮೊದಲಿಗರಲ್ಲಿ ಒಬ್ಬರು. ಓದು ಮುಗಿಸಿ ನೌಕರಿ ಹಿಡಿದು ಪಟ್ಟಣ ಸೇರಲಿಲ್ಲ. ವನವಾಸಿ ಕಲ್ಯಾಣ ಎಂಬ ಸಂಸ್ಥೆಯ ಕಾರ್ಯಕರ್ತರಾಗಿ ವರ್ಷಗಟ್ಟಲೆ ಕಾಡಿನ ಊರುಗಳನ್ನು ಸುತ್ತಿದರು. 2020ರ ಜುಲೈನಲ್ಲಿ ರಾಜ್ಯಪಾಲರು ಅವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು. ಆಗ ಇದ್ದದ್ದು ಯಡಿಯೂರಪ್ಪನವರ ಬಿಜೆಪಿ ಸರಕಾರ. ಅದೇ ಪಟ್ಟಿಯಲ್ಲಿ ಎಚ್. ವಿಶ್ವನಾಥ್, ಸಿ.ಪಿ. ಯೋಗೇಶ್ವರ್, ಭಾರತಿ ಶೆಟ್ಟಿ, ತಳವಾರ ಸಾಬಣ್ಣ ಅವರ ಹೆಸರೂ ಇದ್ದವು. ಕರ್ನಾಟಕದ ಶಾಸನಸಭೆಯೊಳಗೆ ಕಾಲಿಟ್ಟ ಮೊದಲ ಸಿದ್ದಿ ಶಾಂತಾರಾಮ.

ಇದನ್ನು ಸಣ್ಣ ಮಾತು ಅಂತ ಯಾರೂ ಹೇಳಬಾರದು. ದೂರದ ಜಿಲ್ಲೆಗಳಲ್ಲಿ ಈ ಪತ್ರಿಕೆ ಓದುವವರಿಗೆ ಸಿದ್ದಿಗಳೆಂದರೆ ಯಾರು ಅನ್ನುವುದು ಗೊತ್ತಿರಲಿಕ್ಕಿಲ್ಲ. ಪೋರ್ಚುಗೀಸರು, ಅರಬ್ ವರ್ತಕರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಗೋವೆಯಲ್ಲಿ, ಪಶ್ಚಿಮ ಕರಾವಳಿಯಲ್ಲಿ ಮಾರಿದ ಗುಲಾಮರ ವಂಶದವರು ಇವರು. ಒಡೆಯನ ಚಾಟಿಗೆ ಬೆನ್ನು ಕೊಡಲಾಗದೆ ಘಟ್ಟ ಹತ್ತಿ ತಪ್ಪಿಸಿಕೊಂಡು ಬಂದವರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾ ಕಾಡುಗಳೇ ಅವರಿಗೆ ತವರಾದವು. ಅಲ್ಲಾದರೂ ಬಿಡುಗಡೆ ಸಿಕ್ಕಿತೇ? ತಲೆಮಾರುಗಟ್ಟಲೆ ಬೇರೆಯವರ ಅಡಿಕೆ ತೋಟದಲ್ಲಿ ಕೂಲಿ, ಸಾಲ, ಜೀತ. ಅರಣ್ಯ ಇಲಾಖೆ ಬಂದ ಮೇಲೆ ತಾವು ಹುಟ್ಟಿ ಬೆಳೆದ ಜಾಗದಲ್ಲೇ ಅತಿಕ್ರಮಣದಾರರು ಎಂಬ ಹೆಸರು. ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಡಮಾಮಿ ಬಾರಿಸಿದರೆ ಮೂರೂ ಧರ್ಮದವರ ಕಾಲು ಒಂದೇ ತಾಳಕ್ಕೆ ಬೀಳುತ್ತದೆ. ಟಿ.ಸಿ. ಪಾಲಾಕ್ಷಪ್ಪನವರು ಇವರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದದ್ದು 1976ರಲ್ಲಿ. ಪರಿಶಿಷ್ಟ ಪಂಗಡದ ಪಟ್ಟಿಗೆ ಹೆಸರು ಸೇರಿದ್ದು 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಜಿಲ್ಲೆಯ ಗಡಿ ದಾಟಿ ಕಲಘಟಗಿಯಲ್ಲೋ ಖಾನಾಪುರದಲ್ಲೋ ಇದ್ದ ಅಣ್ಣ ತಮ್ಮಂದಿರು, ಅದೇ ರಕ್ತ ಅದೇ ಬಣ್ಣವಾದರೂ, ಸರಕಾರದ ಕಣ್ಣಿಗೆ ಬುಡಕಟ್ಟಾಗಿರಲಿಲ್ಲ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಪಟ್ಟಿ ಸೇರಲು 2020ರ ತನಕ ಕಾಯಬೇಕಾಯಿತು.

ಇಂಥ ಜನದಿಂದ ಒಬ್ಬ ಎದ್ದು ಹೋಗಿ ಶಾಸನಸಭೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ. ಆ ದಿನ ಕಾಡಿನ ಊರುಗಳಲ್ಲಿ ಸಂತೋಷಪಟ್ಟವರ ಸಂತೋಷದಲ್ಲಿ ನಾವೂ ಇದ್ದೇವೆ.

ಇನ್ನು ನಮ್ಮ ಕೇರಿ ಹುಡುಗನ ಪ್ರಶ್ನೆಗೆ ಬರೋಣ. ಹೋದ್ರೋ, ಕರಕೊಂಡು ಹೋದ್ರೋ?

ನಾಮಕರಣ ಅಂದರೆ ನಮ್ಮ ಮನೆಗಳಲ್ಲಿ ಕೂಸಿಗೆ ಹೆಸರಿಡುವುದು. ಇಡುವವರು ಬೇರೆ, ಇಡಿಸಿಕೊಳ್ಳುವವರು ಬೇರೆ. ಕೂಸನ್ನು ಯಾರೂ ಕೇಳುವುದಿಲ್ಲ. ವಿಧಾನ ಪರಿಷತ್ತಿನ 75 ಕುರ್ಚಿಗಳಲ್ಲಿ 11 ಇಂಥವು. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆ, ಇವುಗಳಲ್ಲಿ ಅನುಭವವಿದ್ದವರನ್ನು ರಾಜ್ಯಪಾಲರು ಆರಿಸಬೇಕೆಂದು ಸಂವಿಧಾನದ 171ನೇ ವಿಧಿ ಹೇಳುತ್ತದೆ. ರಾಜ್ಯಪಾಲರ ಕೈಗೆ ಪಟ್ಟಿ ಕೊಡುವುದು ಮಂತ್ರಿಮಂಡಲ. ಮಂತ್ರಿಮಂಡಲಕ್ಕೆ ಪಟ್ಟಿ ಬರುವುದು ಪಕ್ಷದ ಕಚೇರಿಯಿಂದ. ಯಾವ ಪಕ್ಷ ಆಳಿದರೂ ಇದೇ ದಾರಿ. ಹಿಂದೆ ಕಾಂಗ್ರೆಸ್ಸು, ಜನತಾದಳದವರು ಮಾಡಿದ್ದೂ ಇದನ್ನೇ.

ಕೊಟ್ಟ ಕುರ್ಚಿಗೂ ಗೆದ್ದ ಕುರ್ಚಿಗೂ ವ್ಯತ್ಯಾಸ ಏನು ಅಂತ ಕೋರ್ಟೇ ಹೇಳಿದೆ. ಶಾಂತಾರಾಮರ ಜೊತೆಗೇ ನಾಮಕರಣವಾದ ವಿಶ್ವನಾಥ್ ಪಕ್ಷಾಂತರದ ಕಾರಣಕ್ಕೆ ಅನರ್ಹರಾಗಿದ್ದವರು. ಮಂತ್ರಿಯಾಗಬೇಕೆಂದರೆ ಮತ್ತೆ ಚುನಾಯಿತರಾಗಿ ಬರಬೇಕಿತ್ತು. ಪರಿಷತ್ ಸದಸ್ಯನಾದೆನಲ್ಲ, ಇನ್ನೇನು ಅಂದುಕೊಂಡರು. ನಾಮಕರಣ ಚುನಾವಣೆಯಾಗುವುದಿಲ್ಲ, ಇವರನ್ನು ಮಂತ್ರಿ ಮಾಡುವಂತಿಲ್ಲ ಎಂದು ರಾಜ್ಯದ ಹೈಕೋರ್ಟು 2020ರ ನವೆಂಬರಿನಲ್ಲಿ ಹೇಳಿತು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ದೊಡ್ಡವರ ಜಗಳದಲ್ಲಿ ಹೊರಬಿದ್ದ ತೀರ್ಪಾದರೂ ನಮ್ಮಂಥವರಿಗೆ ಅದರಲ್ಲಿ ಪಾಠವಿದೆ.

ಸಿದ್ದಿಗಳಿಗೆ 'ಕರಕೊಂಡು ಹೋಗುವುದು' ಹೊಸತಲ್ಲ. 1980ರ ದಶಕದ ಕೊನೆಯಲ್ಲಿ, ಮಾರ್ಗರೇಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದಾಗ, ಕ್ರೀಡಾ ಪ್ರಾಧಿಕಾರದವರು ಈ ಕಾಡಿಗೆ ಬಂದರು. ಆಫ್ರಿಕಾದ ಮೈಕಟ್ಟು ಇದೆ, ಇವರು ಓಡಿದರೆ ದೇಶಕ್ಕೆ ಪದಕ ಬರುತ್ತದೆ ಎಂದು ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದರು. ಆ ಮಕ್ಕಳು ಓಡಿದರು. ಪದಕವನ್ನೂ ತಂದರು. 1990ರ ದಶಕದ ಆರಂಭದಲ್ಲಿ ಯೋಜನೆ ಬಾಗಿಲು ಹಾಕಿತು. ಓಡುತ್ತಿದ್ದವರು ಊರಿಗೆ ಬಂದರು. ಯಾರನ್ನು ಕೇಳಿ ಶುರು ಮಾಡಿದರು, ಯಾರನ್ನು ಕೇಳಿ ನಿಲ್ಲಿಸಿದರು? ಸಿದ್ದಿಗಳನ್ನಂತೂ ಅಲ್ಲ. ಕೊಡುವವನ ಕೈ ಹಿಂದೆ ಸರಿದರೆ ಕೇಳುವುದಕ್ಕೆ ನಮ್ಮ ಹತ್ತಿರ ಏನಿದೆ? ನಮ್ಮ ಪ್ರಶ್ನೆ ಅದು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಶಾಂತಾರಾಮರು ಬೆಳೆದು ಬಂದ ಸಂಸ್ಥೆ ಸಂಘ ಪರಿವಾರದ್ದು. 1952ರಲ್ಲಿ ಮಧ್ಯಭಾರತದ ಜಶಪುರದಲ್ಲಿ ಹುಟ್ಟಿದ್ದು. ಅವರು 'ಆದಿವಾಸಿ' ಅನ್ನುವುದಿಲ್ಲ, 'ವನವಾಸಿ' ಅನ್ನುತ್ತಾರೆ. ಹೆಸರಿನಲ್ಲಿ ಏನಿದೆ ಅಂತೀರೇನು? ಆದಿವಾಸಿ ಅಂದರೆ ಮೊದಲಿನಿಂದ ಇದ್ದವನು, ನೆಲದ ಮೇಲೆ ಹಕ್ಕು ಕೇಳುವವನು. ವನವಾಸಿ ಅಂದರೆ ಕಾಡಿನಲ್ಲಿ ಇರುವವನು, ಅಷ್ಟೆ. ರಾಮಾಯಣದಲ್ಲಿ ರಾಜಕುಮಾರನೂ ಹದಿನಾಲ್ಕು ವರ್ಷ ವನವಾಸಿಯಾಗಿದ್ದ, ಆಮೇಲೆ ಅರಮನೆಗೆ ವಾಪಸು ಹೋದ. ನಮ್ಮ ಸಿದ್ದಿಗಳಿಗೆ, ಕುಣಬಿಗಳಿಗೆ, ಗೌಳಿಗಳಿಗೆ ವಾಪಸು ಹೋಗಲು ಯಾವ ಅರಮನೆ ಇದೆ? ಸಿದ್ದಿಗಳು ಸಮುದ್ರ ದಾಟಿ ಬಂದವರಲ್ಲವೇ, ಅವರು ಹೇಗೆ ಆದಿವಾಸಿ ಎಂದು ಕೇಳುವವರೂ ಇದ್ದಾರೆ. ತಾವಾಗಿ ಬಂದವರಲ್ಲ, ಸರಪಳಿಯಲ್ಲಿ ತಂದವರು. ಅವರು ಬೆವರು ಸುರಿಸಿದ ನೆಲ ಅವರದು.

ಆ ಸಂಸ್ಥೆಯ ಬಳಗದ್ದೇ ಆದ ಜನಜಾತಿ ಸುರಕ್ಷಾ ಮಂಚ್ ಎಂಬ ವೇದಿಕೆ ದೇಶದ ತುಂಬ ಒಂದು ಬೇಡಿಕೆ ಇಟ್ಟುಕೊಂಡು ತಿರುಗಿದೆ: ಕ್ರೈಸ್ತ, ಮುಸ್ಲಿಂ ಧರ್ಮಕ್ಕೆ ಹೋದ ಬುಡಕಟ್ಟಿನವರ ಹೆಸರನ್ನು ಪರಿಶಿಷ್ಟ ಪಂಗಡದ ಪಟ್ಟಿಯಿಂದ ಹೊಡೆದುಹಾಕಬೇಕು. ನಮ್ಮ ಪರಿಶಿಷ್ಟ ಜಾತಿಗೆ 1950ರ ಆದೇಶದಿಂದಲೇ ಧರ್ಮದ ಷರತ್ತು ಬಿದ್ದಿದೆ. ಹಿಂದೂಗಳಿಗೆ ಮಾತ್ರ ಎಂದಿದ್ದದ್ದು 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ತೆರೆಯಿತು. ಪಂಗಡಕ್ಕೆ ಅಂಥ ಷರತ್ತು ಹಾಕಿರಲಿಲ್ಲ. ಅದಕ್ಕೇ ಸಿದ್ದಿಗಳು ಮೂರು ಧರ್ಮದವರಾಗಿಯೂ ಒಂದೇ ಸರ್ಟಿಫಿಕೇಟು ಹಿಡಿದು ನಿಲ್ಲಲು ಆಯಿತು. ಆ ಬೇಡಿಕೆ ಕಾನೂನಾದರೆ ಹಳಿಯಾಳದ ಸಿದ್ದಿ ಸಮುದಾಯ ಮೂರು ಹೋಳು. ಒಂದು ಹೋಳಿಗೆ ಹಾಸ್ಟೆಲ್ ಉಂಟು, ಎರಡು ಹೋಳಿಗೆ ಇಲ್ಲ. ಒಂದೇ ಜಗಲಿಯ ಮೇಲೆ ಕೂತ ಸಿದ್ದಿ ಹುಡುಗರಲ್ಲಿ ಯಾರು ಹಾಸಿಗೆ ಸುತ್ತಿಕೊಂಡು ಹೊರಡಬೇಕು? 1980ರ ದಶಕದಲ್ಲಿ ಇದೇ ಸಿದ್ದಿಗಳು ಧರ್ಮ ನೋಡದೆ ಒಂದಾಗಿ ಸಂಘ ಕಟ್ಟಿ, ಪಟ್ಟಿಗೆ ಸೇರಿಸಿ ಎಂದು ಕೇಳುತ್ತ ಬಂದವರು.

ಶಾಂತಾರಾಮರು ಆ ಬೇಡಿಕೆಯ ಪರ ಎಂದು ನಾವು ಇಲ್ಲಿ ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟೇ: ಒಬ್ಬನ ಕೈಯಿಂದ ಕುರ್ಚಿ ಪಡೆದವನು ಆ ಕೈಯ ವಿರುದ್ಧ ಮಾತಾಡುವ ದಿನ ಬಂದಾಗ ಅವನ ಬೆನ್ನ ಹಿಂದೆ ಯಾರಿರುತ್ತಾರೆ? ಮತ ಹಾಕಿ ಕಳಿಸಿದ ಹತ್ತು ಸಾವಿರ ಜನ ಇದ್ದರೆ ಮಾತು ಗಟ್ಟಿಯಾಗಿ ಬರುತ್ತದೆ.

ಇದಕ್ಕೆ ನಮ್ಮಲ್ಲೇ ಉದಾಹರಣೆ ಉಂಟು. ಬಿ. ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿ, ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಎಂದು ಪುರಸಭೆಗಳ ಬೆನ್ನು ಹತ್ತಿದವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ 'ಬೂಸಾ' ಅಂದರು. ಬೀದಿಯಲ್ಲಿ ಬೆಂಕಿ ಬಿತ್ತು. ದಲಿತ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ಕಲ್ಲು ಬಿತ್ತು. ಮಂತ್ರಿ ಪದವಿ ಹೋಯಿತು. ಪದವಿ ಮುಖ್ಯಮಂತ್ರಿ ಕೊಟ್ಟದ್ದು, ಆದ್ದರಿಂದ ಹೋಯಿತು. ಶಾಸಕಗಿರಿ ಜನ ಕೊಟ್ಟದ್ದು, ಅದನ್ನು ಕಿತ್ತುಕೊಳ್ಳಲು ಯಾರಿಗೂ ಆಗಲಿಲ್ಲ. ಅವರು ಆಡಿದ ಮಾತೂ ಹೋಗಲಿಲ್ಲ. ಅದರ ಹಿಂದೆಯೇ ನಮ್ಮ ಸಂಘಟನೆಗಳು ಹುಟ್ಟಿದವು.

ಹಾಗಾದರೆ ನಾಮಕರಣದ ಕುರ್ಚಿಯನ್ನು ಒದ್ದು ಬರಬೇಕೇ? ಇಲ್ಲ. ಇದನ್ನು ಬಾಬಾಸಾಹೇಬರಿಂದಲೇ ಕಲಿಯೋಣ. ಅಂಬೇಡ್ಕರರು ಶಾಸನಸಭೆಗೆ ಮೊದಲು ಕಾಲಿಟ್ಟದ್ದು ನಾಮಕರಣದಿಂದಲೇ ಎಂಬುದು ನಮ್ಮ ಎಷ್ಟು ಹುಡುಗರಿಗೆ ಗೊತ್ತು? 1927ರ ಫೆಬ್ರವರಿಯಲ್ಲಿ ಅವರು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಪ್ರಮಾಣ ತೆಗೆದುಕೊಂಡರು. ನಿಮ್ನ ವರ್ಗಗಳ ಹೆಸರಿನಲ್ಲಿ ಗವರ್ನರು ನೇಮಿಸಿದ ಇಬ್ಬರಲ್ಲಿ ಅವರೊಬ್ಬರು, ಇನ್ನೊಬ್ಬರು ಡಾ. ಸೋಳಂಕಿ. ಆಗ ನಮ್ಮ ಹಳಿಯಾಳವೂ ಮುಂಬಯಿ ಇಲಾಖೆಯಲ್ಲೇ ಇತ್ತು, ಧಾರವಾಡವೂ ಅಲ್ಲೇ. ಅಂದರೆ ಸಾಂಬ್ರಾಣಿಯ ಕೇರಿಯ ಪರವಾಗಿ ಆ ಸಭೆಯಲ್ಲಿ ಮಾತಾಡಲು ಇದ್ದವರು ಅವರೇ.

ಆ ಕುರ್ಚಿಯಲ್ಲಿ ಕೂತು ಅವರೇನು ಮಾಡಿದರು? ಪ್ರಮಾಣ ತೆಗೆದುಕೊಂಡ ಮರು ತಿಂಗಳೇ ಮಹಾಡಿಗೆ ಹೋಗಿ ಚವದಾರ ಕೆರೆಯ ನೀರು ಮುಟ್ಟಿದರು. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆಯಬೇಕೆಂದು ಇದೇ ಪರಿಷತ್ತು 1923ರಲ್ಲಿ ಬೋಲೆಯವರ ಠರಾವು ಪಾಸು ಮಾಡಿತ್ತು. ಕಾಗದದ ಮೇಲಿದ್ದದ್ದನ್ನು ಅವರು ಬೊಗಸೆಗೆ ತಂದರು. 1928ರಲ್ಲಿ ಮಹಾರರ ವತನದ ಬಿಟ್ಟಿ ಚಾಕರಿ ವಿರುದ್ಧ ಮಸೂದೆ ಮಂಡಿಸಿದರು. ಪಾಸಾಗಲಿಲ್ಲ. ಆದರೂ ಸಭೆಯ ಕಡತದಲ್ಲಿ ನಮ್ಮ ಬಿಟ್ಟಿ ಚಾಕರಿಯ ಲೆಕ್ಕ ಬಿತ್ತು. ಅದೇ ವರ್ಷ ನಿಮ್ನ ವರ್ಗಗಳ ಶಿಕ್ಷಣ ಸಂಸ್ಥೆ ಕಟ್ಟಿ ಸರಕಾರದ ಅನುದಾನ ಎಳೆದರು. ಆ ಹಣದಲ್ಲಿ ತೆರೆದ ವಸತಿ ನಿಲಯಗಳಲ್ಲಿ ಒಂದು ಧಾರವಾಡದ್ದು. ಇವತ್ತು ಧಾರವಾಡದ ಹಾಸ್ಟೆಲುಗಳಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ನಾವು ಆ ಸಾಲಿನ ಬಾಲ.

ಇನ್ನೂ ಒಂದು ಸಂಗತಿ ಇದೆ. ಸೈಮನ್ ಕಮಿಷನ್ 1928ರಲ್ಲಿ ಬಂದಾಗ ಈ ನಾಮಕರಣ ಸದಸ್ಯರು ಹೋಗಿ ನಾಮಕರಣದ ವಿರುದ್ಧವೇ ಸಾಕ್ಷಿ ನುಡಿದರು. ನಮಗೆ ಮತ ಕೊಡಿ, ವಯಸ್ಸಿಗೆ ಬಂದ ಎಲ್ಲರಿಗೂ ಕೊಡಿ, ನಮ್ಮವರನ್ನು ನಾವೇ ಆರಿಸಿಕೊಳ್ಳುತ್ತೇವೆ ಎಂದರು. ತಾವು ಕೂತ ಕೊಂಬೆಯ ಬುಡಕ್ಕೇ ಕೊಡಲಿ ಹಾಕಿದ ಹಾಗೆ. 1937ರಲ್ಲಿ ಸ್ವಂತ ಪಕ್ಷ ಕಟ್ಟಿ ಗೆದ್ದು ಬಂದರು. 1938ರ ಜನವರಿಯಲ್ಲಿ ಕೊಂಕಣದ ರೈತರನ್ನು ಕರೆದುಕೊಂಡು ಖೋತಿ ಪದ್ಧತಿ ತೆಗೆಯಿರಿ ಎಂದು ಅದೇ ಶಾಸನಸಭೆಯ ಬಾಗಿಲಿಗೆ ಮೆರವಣಿಗೆ ತಂದರು. ಮತ ನಂಬಿದವನಿಗೆ ಸೋಲೂ ಉಂಟು. 1952ರಲ್ಲಿ ಸೋತರು, 1954ರಲ್ಲಿ ಭಂಡಾರದಲ್ಲಿ ಮತ್ತೆ ಸೋತರು. ಆದರೂ ನಾಮಕರಣವೇ ವಾಸಿಯಿತ್ತು ಅನ್ನಲಿಲ್ಲ.

ಈಗ ಸಿದ್ದಿ ಹುಡುಗನ ಪ್ರಶ್ನೆ. ಈ ಜಿಲ್ಲೆಯಾಗ ಮೀಸಲು ಕ್ಷೇತ್ರ ಎಲ್ಲೈತಿ?

ಎಲ್ಲೂ ಇಲ್ಲ. ರಾಜ್ಯದ 224 ವಿಧಾನಸಭಾ ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪಂಗಡಕ್ಕೆ ಅಂತ 2008ರ ಮರುವಿಂಗಡಣೆಯಲ್ಲಿ ಲೆಕ್ಕವಾಯಿತು. ಉತ್ತರ ಕನ್ನಡದ ಆರರಲ್ಲಿ, ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ, ಒಂದೂ ನಮ್ಮ ಪಾಲಿಗೆ ಬರಲಿಲ್ಲ. ಲೋಕಸಭೆ ಕ್ಷೇತ್ರವೂ ಸಾಮಾನ್ಯವೇ. ಇದು ಯಾರೋ ಒಬ್ಬರ ಕುತಂತ್ರ ಅಲ್ಲ, ಲೆಕ್ಕದ ರೀತಿಯೇ ಹಾಗೆ. ಪಂಗಡದವರ ಪ್ರಮಾಣ ಎಲ್ಲಿ ದಟ್ಟವೋ ಅಲ್ಲಿಗೆ ಪಂಗಡದ ಮೀಸಲು ಹೋಗುತ್ತದೆ. ರಾಯಚೂರು, ಬಳ್ಳಾರಿ, ಚಿತ್ರದುರ್ಗದ ಕಡೆ ಹೋಗುತ್ತದೆ. 2011ರ ಜನಗಣತಿಯಲ್ಲಿ ಸಿದ್ದಿಗಳು ರಾಜ್ಯದಲ್ಲೆಲ್ಲ ಸೇರಿ ಹತ್ತು ಸಾವಿರ ಚಿಲ್ಲರೆ. ಆ ಹತ್ತು ಸಾವಿರವೂ ಒಂದು ಕಡೆ ಇಲ್ಲ. ಹಳಿಯಾಳ, ಜೋಯಿಡಾದವರು ಹಳಿಯಾಳ ಕ್ಷೇತ್ರಕ್ಕೆ, ಯಲ್ಲಾಪುರ, ಮುಂಡಗೋಡದವರು ಯಲ್ಲಾಪುರ ಕ್ಷೇತ್ರಕ್ಕೆ, ಅಂಕೋಲೆಯವರು ಕಾರವಾರಕ್ಕೆ. ಲಕ್ಷ ಮತದ ಜಾತ್ರೆಯಲ್ಲಿ ಕೆಲವು ಸಾವಿರ ಯಾರ ಕಣ್ಣಿಗೆ ಬೀಳುತ್ತದೆ? ಹಳಿಯಾಳದಲ್ಲಿ 1983ರಿಂದ 2023ರ ತನಕ ನಡೆದ ಚುನಾವಣೆಗಳಲ್ಲಿ, 2008 ಒಂದು ಬಿಟ್ಟರೆ, ಪ್ರತಿ ಸಲವೂ ಆರ್.ವಿ. ದೇಶಪಾಂಡೆಯವರೇ ಗೆದ್ದರು. ಪಕ್ಷ ಬದಲಾಯಿತು, ಮನುಷ್ಯ ಬದಲಾಗಲಿಲ್ಲ. ಅಂಥ ಕೋಟೆಗೆ ಏಣಿ ಹಾಕುವುದು ಮಾತಾಡಿದಷ್ಟು ಸುಲಭವಲ್ಲ.

ಹಾಗಾದರೆ ಸಿದ್ದಿ ಹುಡುಗ ಗೆದ್ದನೇ? ನಾಮಕರಣ ಬಿಟ್ಟರೆ ಗತಿ ಇಲ್ಲವೇ? ವಿಧಾನಸಭೆಯ ಕ್ಷೇತ್ರ ನಮ್ಮ ಕೈಗೆ ಎಟುಕದೆ ಇರಬಹುದು, ಅದರ ಕೆಳಗಿನ ಮೆಟ್ಟಿಲುಗಳಲ್ಲಿ ನಮಗೆ ಜಾಗ ಇದೆ. ಅಲ್ಲಿ ನಾವು ನಿಲ್ಲುತ್ತಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಮೀಸಲು ವಾರ್ಡಿನ ಲೆಕ್ಕಕ್ಕೆ ಬರುತ್ತದೆ, ಊರಿನ ಮಟ್ಟದಲ್ಲಿ. ಅಲ್ಲಿ ನಲವತ್ತು ಮನೆ ಅಂದರೆ ಸಣ್ಣ ಶಕ್ತಿಯಲ್ಲ. 1983ರ ಕಾಯ್ದೆ ತಂದು, ನಜೀರ್ ಸಾಬರು 1987ರಲ್ಲಿ ಚುನಾವಣೆ ಮಾಡಿಸಿದಾಗಲೇ ಪರಿಶಿಷ್ಟರಿಗೆ ಕನಿಷ್ಠ ನೂರಕ್ಕೆ 18, ಹೆಂಗಸರಿಗೆ 25 ಜಾಗ ಬಂತು. 1993ರ ಕಾಯ್ದೆ ಅಧ್ಯಕ್ಷರ ಕುರ್ಚಿಗೂ ಸರದಿ ತಂದಿತು. ಶಾಂತಾರಾಮರನ್ನು ನಾಮಕರಣ ಮಾಡಿದ ವರ್ಷದ ಡಿಸೆಂಬರಿನಲ್ಲೇ ರಾಜ್ಯದ ಗ್ರಾಮ ಪಂಚಾಯಿತಿಗಳ ಚುನಾವಣೆ ನಡೆಯಿತು. ಜುಲೈನ ಆ ಒಂದು ಕುರ್ಚಿಯ ಬಗ್ಗೆ ಪತ್ರಿಕೆಗಳು ಬರೆದವು. ಡಿಸೆಂಬರಿನಲ್ಲಿ ಕೂಲಿ ಬಿಟ್ಟು, ಸಾಲ ಮಾಡಿ, ಚೀಟಿ ಹಂಚಿ ಗೆದ್ದ ನಮ್ಮ ಅಕ್ಕಂದಿರ ಬಗ್ಗೆ ಯಾರು ಬರೆದರು? ನಾವೂ ಬರೆಯಲಿಲ್ಲ, ಒಪ್ಪಿಕೊಳ್ಳುತ್ತೇವೆ.

ಈ ಮೆಟ್ಟಿಲು ಮೇಲಕ್ಕೂ ಹೋಗುತ್ತದೆ. ಪರಿಷತ್ತಿನ 75ರಲ್ಲಿ 25 ಸ್ಥಾನಕ್ಕೆ ಮತ ಹಾಕುವವರು ಸ್ಥಳೀಯ ಸಂಸ್ಥೆಗಳ ಸದಸ್ಯರು. ಸಾಂಬ್ರಾಣಿ ಪಂಚಾಯಿತಿಯಲ್ಲಿ ಗೆದ್ದ ಸಿದ್ದಿ ಹೆಂಗಸಿಗೂ, ದಾಂಡೇಲಿ ನಗರಸಭೆಯಲ್ಲಿ ಗೆದ್ದ ಕಾರ್ಮಿಕನಿಗೂ ಅಲ್ಲಿ ಒಂದೊಂದು ಮತ. ಆ ಚುನಾವಣೆಯ ಹೊತ್ತಿಗೆ ನಮ್ಮ ಸದಸ್ಯರ ಮನೆಗೆ ಕಾರು ಯಾಕೆ ಬರುತ್ತವೆ, ಲಕೋಟೆ ಯಾಕೆ ಬರುತ್ತವೆ ಅಂತ ತಿಳಿಯದವರು ಯಾರೂ ಇಲ್ಲ. ಮಾರಿಕೊಂಡ ಮತದ ಲೆಕ್ಕ ಐದು ವರ್ಷ ಕೇಳುವ ಹಾಗಿಲ್ಲ. ಇನ್ನು 7 ಸ್ಥಾನ ಪದವೀಧರರದ್ದು. ನಮ್ಮ ಜಿಲ್ಲೆ ಧಾರವಾಡ, ಗದಗ, ಹಾವೇರಿ ಜೊತೆ ಪಶ್ಚಿಮ ಪದವೀಧರ ಕ್ಷೇತ್ರದಲ್ಲಿದೆ. ಡಿಗ್ರಿ ಮುಗಿಸಿ ಮೂರು ವರ್ಷ ಆದವರು ನಮೂನೆ 18 ತುಂಬಿ ಹೆಸರು ಬರೆಸಬೇಕು. ಹಿಂದಿನ ಸಲ ಇತ್ತು ಅಂತ ಸುಮ್ಮನಿದ್ದರೆ ಆಗೋದಿಲ್ಲ, ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ಆಗುತ್ತದೆ. ಈ ಹಾಸ್ಟೆಲುಗಳಿಂದ ಡಿಗ್ರಿ ಹಿಡಿದು ಹೋದ ನಮ್ಮ ಅಣ್ಣಂದಿರಲ್ಲಿ ಎಷ್ಟು ಜನರ ಹೆಸರು ಆ ಪಟ್ಟಿಯಲ್ಲಿದೆ? ಕೇಳಿ ನೋಡಿ. ನೌಕರಿ ಸಿಕ್ಕ ಮೇಲೆ ಊರನ್ನೇ ಮರೆತವರು ಪಟ್ಟಿ ನೆನಪಿಟ್ಟಾರೆಯೇ?

ನಗರದ ಕುರ್ಚಿಯ ಮಾತೂ ಹೇಳಬೇಕು, ನಮ್ಮ ಹುಡುಗರು ಹುಬ್ಬಳ್ಳಿ ಧಾರವಾಡ ಸೇರಿ ಅಲ್ಲಿನ ಕೊಳೆಗೇರಿಗಳಲ್ಲೇ ಮತದಾರರಾಗಿದ್ದಾರೆ. ಕರ್ನಾಟಕದಲ್ಲಿ ಶಾಸಕನಾದವನು ಮೇಯರ್ ಸ್ಥಾನಕ್ಕೆ ನಿಲ್ಲುವುದು ಕಾಣುವುದಿಲ್ಲ. ಮೇಯರನ್ನು ಜನ ನೇರ ಆರಿಸುವುದಿಲ್ಲ, ಪಾಲಿಕೆಯ ಸದಸ್ಯರು ತಮ್ಮೊಳಗಿಂದ ಆರಿಸುತ್ತಾರೆ. 1976ರ ಪಾಲಿಕೆ ಕಾಯ್ದೆ ಆ ಕುರ್ಚಿಗೆ ಕೊಟ್ಟದ್ದು ಒಂದೇ ವರ್ಷದ ಆಯಸ್ಸು. ದಲಿತನ ಸರದಿ ಬಂದು ಅವನು ಕಚೇರಿಯ ಬೀಗ ಎಲ್ಲಿದೆ ಅಂತ ತಿಳಿಯುವಷ್ಟರಲ್ಲಿ ವರ್ಷ ಮುಗಿಯುತ್ತದೆ. ಶಾಸಕರು ಅಲ್ಲಿಗೆ ಬರುವುದು ಕೈ ಎತ್ತಿ ಮತ ಹಾಕಲಿಕ್ಕೆ ಮಾತ್ರ. 2015ರಲ್ಲಿ ಬೆಂಗಳೂರಿನ ಮೇಯರ್ ಚುನಾವಣೆಗೆ ಬೇರೆ ಊರಿನ ಪರಿಷತ್ ಸದಸ್ಯರು ಬೆಂಗಳೂರಿನ ವಿಳಾಸ ತೋರಿಸಿ ಮತ ಹಾಕಲು ಬಂದದ್ದು ದೊಡ್ಡ ಗದ್ದಲವೇ ಆಯಿತು.

ಎಲ್ಲ ಕಡೆ ಹೀಗಿರಲಿಲ್ಲ. ಮದರಾಸಿನಲ್ಲಿ ಎನ್. ಶಿವರಾಜ್ ಎಂಬ ನಮ್ಮವರು ಹತ್ತು ವರ್ಷ ಮದ್ರಾಸ್ ವಿಧಾನ ಪರಿಷತ್ತಿನಲ್ಲಿ, ಆಮೇಲೆ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಕೂತು ಬಂದು 1945ರಲ್ಲಿ ಮದ್ರಾಸ್ ನಗರದ ಮೇಯರ್ ಆದರು. ಬಾಬಾಸಾಹೇಬರ ಪರಿಶಿಷ್ಟ ಜಾತಿಗಳ ಫೆಡರೇಶನ್ ನಾಗಪುರದಲ್ಲಿ 1942ರಲ್ಲಿ ಹುಟ್ಟಿದಾಗ ಅಧ್ಯಕ್ಷರಾದವರೂ ಅವರೇ. ದೊಡ್ಡ ಸಭೆಯಿಂದ ನಗರಸಭೆಗೆ ಬಂದದ್ದನ್ನು ಅವರು ಇಳಿದು ಬಂದೆ ಅಂದುಕೊಳ್ಳಲಿಲ್ಲ. ನೀರಿನ ನಲ್ಲಿ, ಕಕ್ಕಸು, ಕೇರಿಯ ದೀಪ, ಪೌರಕಾರ್ಮಿಕರ ಸಂಬಳ ಇರುವುದು ನಗರದ ಕಚೇರಿಯಲ್ಲೇ ಅಲ್ಲವೇ?

ಕಾಡಿನಲ್ಲೂ ಅಷ್ಟೇ. ಸಿದ್ದಿಯ ಜಮೀನಿನ ಪಟ್ಟಾ ಇರುವುದು ವಿಧಾನಸೌಧದಲ್ಲಿ ಅಲ್ಲ, ಊರಿನ ಗ್ರಾಮಸಭೆಯಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಅರ್ಜಿ ಮೊದಲು ಬರುವುದು ಅಲ್ಲಿಗೆ. ಪಂಗಡದವನಾದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ನೆಲದಲ್ಲಿದ್ದೆ ಅಂತ ತೋರಿಸಿದರೆ ಸಾಕು. ಪಕ್ಕದ ಮನೆಯ ಕುಣಬಿ, ಗೌಳಿ, ನಮ್ಮ ಕೇರಿಯ ಹೊಲೆಯ, ಮಾದಿಗ, ಇವರು ಅದಕ್ಕೆ 75 ವರ್ಷ ಹಿಂದಿನಿಂದ, ಅಂದರೆ 1930ರಿಂದ, ಇದ್ದೆವು ಅಂತ ತೋರಿಸಬೇಕು. 1930ರಲ್ಲಿ ನಮ್ಮ ಅಜ್ಜಂದಿರ ಕೈಯಲ್ಲಿ ಯಾವ ಕಾಗದ ಇತ್ತು ಸ್ವಾಮಿ? ಗ್ರಾಮಸಭೆ ಒಪ್ಪಿದ ಅರ್ಜಿ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ಆ ಎರಡೂ ಸಮಿತಿಗಳಲ್ಲಿ ಅಧಿಕಾರಿಗಳ ಎದುರು ಮೂರು ಮೂರು ಜನ ಪಂಚಾಯಿತಿಗೆ ಗೆದ್ದ ಪ್ರತಿನಿಧಿಗಳು ಕೂರಬೇಕು ಅಂತ ನಿಯಮ. ಕೆಳಗಿನದಕ್ಕೆ ತಾಲೂಕು ಪಂಚಾಯಿತಿಯವರು, ಮೇಲಿನದಕ್ಕೆ ಜಿಲ್ಲಾ ಪಂಚಾಯಿತಿಯವರು. ಅವುಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲು ಪಟ್ಟಿ, ಕೋರ್ಟು ಅಂತ ಬಿಜೆಪಿಯವರೂ ತಳ್ಳಿದರು, 2023ರಲ್ಲಿ ಬಂದ ಕಾಂಗ್ರೆಸ್ಸಿನವರೂ ತಳ್ಳಿದರು. ನಮ್ಮ ಅರ್ಜಿ ತಿರಸ್ಕರಿಸುವ ಮೇಜಿನ ಮುಂದೆ ನಮ್ಮವರು ಕೂರಬೇಕಿದ್ದ ಕುರ್ಚಿಗಳು ಖಾಲಿ ಬಿದ್ದಿದ್ದವು. ಪರಿಷತ್ತಿನಲ್ಲಿ ಒಂದು ಸಿದ್ದಿ ಕುರ್ಚಿ ತುಂಬಿದ್ದ ಅದೇ ವರ್ಷಗಳಲ್ಲಿ, ಹಕ್ಕುಪತ್ರ ಬರೆಯುವ ಕಡೆ ಆ ಕುರ್ಚಿಗಳು ಖಾಲಿ.

ಶಾಂತಾರಾಮರಿಗೆ ನಮ್ಮ ಬಹಿರಂಗ ಮನವಿ ಇದೆ. ಅಣ್ಣಾ, ಆರು ವರ್ಷದ ಅವಧಿ ಅಂತ ಬಂದ ಕುರ್ಚಿ ಅದು. ಆ ಕುರ್ಚಿ ಇರಲಿ ಬಿಡಲಿ, ನೀವು ನೋಡಿದ್ದನ್ನು ಊರಿಗೆ ತಂದು ಹೇಳಿ. ಪ್ರಶ್ನೋತ್ತರದಲ್ಲಿ ಮಂತ್ರಿ ಹೇಗೆ ಜಾರಿಕೊಳ್ಳುತ್ತಾನೆ, ಕಡತ ಯಾವ ಮೇಜಿನಲ್ಲಿ ಮಲಗುತ್ತದೆ, ಯಾರು ಮಾತಾಡಿದರೆ ಅಧ್ಯಕ್ಷರ ಗಂಟೆ ಬೇಗ ಬಾರಿಸುತ್ತದೆ, ಇದೆಲ್ಲ ನಿಮಗೆ ಗೊತ್ತಾಗಿರುತ್ತದೆ. ಹಿಂದೂ ಸಿದ್ದಿ, ಮುಸ್ಲಿಂ ಸಿದ್ದಿ, ಕ್ರೈಸ್ತ ಸಿದ್ದಿ ಮೂರೂ ಮನೆಯ ಜಗಲಿಯಲ್ಲಿ ಕೂತು ಹೇಳಿ. ಪಟ್ಟಿಯಿಂದ ಹೆಸರು ತೆಗೆಯುವ ಮಾತಿಗೆ ನಿಮ್ಮ ಉತ್ತರ ಏನು ಅಂತಲೂ ಅಲ್ಲೇ ಹೇಳಿ. ನಮ್ಮ ಹಾಸ್ಟೆಲಿಗೂ ಬನ್ನಿ. ಚಹಾ ನಮ್ಮದು. ಪ್ರಶ್ನೆಗಳು ಮಾತ್ರ ಸ್ವಲ್ಪ ಖಾರ ಇರುತ್ತವೆ.

ಜಗಳ ಆಡಿದ ಆ ಇಬ್ಬರು ಹುಡುಗರು ಮೊನ್ನೆ ಮತ್ತೆ ಸಿಕ್ಕರು. ಮಾತು ಬಿಟ್ಟಿರಬಹುದು ಅಂದುಕೊಂಡಿದ್ದೆವು. ಇಬ್ಬರೂ ಕೂಡಿ ಸಾಂಬ್ರಾಣಿಯ ಮತದಾರರ ಪಟ್ಟಿ ಝೆರಾಕ್ಸ್ ಮಾಡಿಸಿಕೊಂಡು ಬಂದಿದ್ದರು. ಸಿದ್ದಿ ಮನೆಗಳಿಗೆ ಕೆಂಪು ಪೆನ್ನಿನಲ್ಲಿ, ನಮ್ಮ ಕೇರಿ ಮನೆಗಳಿಗೆ ನೀಲಿಯಲ್ಲಿ ಗುರುತು ಹಾಕುತ್ತ ಕೂತಿದ್ದರು. ಸತ್ತವರ ಹೆಸರು ಇನ್ನೂ ಇದೆ, ಹದಿನೆಂಟು ತುಂಬಿದ ಹುಡುಗಿಯರ ಹೆಸರು ಇಲ್ಲ ಅಂತ ಇಬ್ಬರೂ ಒಂದೇ ದನಿಯಲ್ಲಿ ಬೈಯುತ್ತಿದ್ದರು. ಒಂದು ವಾರ್ಡಿನ ಹತ್ತಿರ ಮಾತ್ರ ಮತ್ತೆ ಜಗಳ ಹತ್ತಿತು: ಅಲ್ಲಿ ನಿಲ್ಲಬೇಕಾದವಳು ಸಿದ್ದಿ ಮನೆಯ ಅಕ್ಕನೋ, ನಮ್ಮ ಕೇರಿಯ ಅಕ್ಕನೋ?